ವಿಲ್ಸನಮ್ಮನ ಬೋಣಿ

ಮಗ್ಗಗಳು ನಿಂತಾಗ ಹುಟ್ಟುವ ನಿಶ್ಶಬ್ದ ತನ್ನ ಸಲುವಾಗಿಯೇ ಹುಟ್ಟುತ್ತದೆಂದು ದೇವೇಂದ್ರ ನಂಬಿಕೊಂಡಿದ್ದ. ನಂಬುವುದಕ್ಕೆ ಕಾರಣವೂ ಇತ್ತು. ದೊಡ್ಡಬಳ್ಳಾಪುರದ ಆದಿನಾರಾಯಣಪ್ಪನವರ ಶೆಡ್ಡಿನಲ್ಲಿ ಪವರ್‌ಲೂಮುಗಳೆಲ್ಲ ಒಟ್ಟಿಗೆ ಓಡತೊಡಗಿದರೆ ಆಫೀಸು ಕೋಣೆಯ ಬಲ್ಬು ಕೆಂಪಗಾಗುತ್ತಿತ್ತು, ಕಂಪ್ಯೂಟರಿನ ಪರದೆ ಅದುರುತ್ತಿತ್ತು. ಒಂದೆರಡು ಸಲ ಪೂರ್ತಿ ಆರಿಹೋಗಿ ಅವನ ಅರ್ಧ ದಿನದ ಕೆಲಸವನ್ನು ನುಂಗಿ ನೀರು ಕುಡಿದಿತ್ತು. ಆಮೇಲಿಂದ ಅವನು ಬಾಗಿಲಲ್ಲಿ ನಿಂತು ಕೈ ಎತ್ತಿದರೆ ಆಫೀಸಿನ ಕಡೆಯ ಸಾಲಿನ ಮಗ್ಗಗಳು ನಿಲ್ಲಬೇಕು ಎಂದು ಸಾಹುಕಾರರ ಅಪ್ಪಣೆಯಾಗಿತ್ತು. ಸೀರೆಗೆ ಇಷ್ಟು ಎಂದು ಕೂಲಿ ಪಡೆಯುವ ನೇಕಾರರು ಮುಖ ಗಂಟಿಕ್ಕಿಕೊಂಡು ಸ್ವಿಚ್ಚು ಆರಿಸಿ, ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದರು. ಒಳಗೆ ಇವನು ಟೆಸ್ಟಿಂಗ್ ಮಾಡುತ್ತಿದ್ದ. ಆ ಸಾಲಿನಲ್ಲಿ ಅವನ ಅಪ್ಪ ಮುನಿವೆಂಕಟಪ್ಪನ ಮಗ್ಗವೂ ಇತ್ತು. ಅಪ್ಪ ಮಾತ್ರ ಬೀಡಿಗೆ ಹೋಗದೆ, ನಿಂತ ಮಗ್ಗದ ಪಕ್ಕದಲ್ಲೇ ಕೈಕಟ್ಟಿಕೊಂಡು ಆಫೀಸಿನ ಗಾಜಿನ ಕಡೆ ನೋಡುತ್ತಿದ್ದ. ಆ ನೋಟ ಬೆನ್ನ ಮೇಲೆ ಬಿದ್ದಾಗಲೆಲ್ಲ ದೇವೇಂದ್ರನಿಗೆ ಅಂಗಿಯೊಳಗೆ ಇರುವೆ ಹರಿದಂತಾಗುತ್ತಿತ್ತು. ನೋಡಬೇಡ ಹೋಗಪ್ಪ, ಇದು ನಿನಗೆ ಅರ್ಥವಾಗುವ ವಿಷಯವಲ್ಲ ಎಂದು ಮನಸ್ಸಿನಲ್ಲೇ ಗದರಿಕೊಳ್ಳುತ್ತಿದ್ದ.

ಈ ಮಂಗಳವಾರ ಬೆಳಿಗ್ಗೆ ನೆಲಮಂಗಲದ ಬಸ್ಸಿಳಿದು, ಮನೆಗೂ ಹೋಗದೆ, ಕೈಚೀಲದ ಸಮೇತ ನೇರವಾಗಿ ಶೆಡ್ಡಿಗೆ ಬಂದು ಅಭ್ಯಾಸದಂತೆ ಕೈ ಎತ್ತಿದಾಗ ಯಾರೂ ಸ್ವಿಚ್ಚು ಮುಟ್ಟಲಿಲ್ಲ. ಯಾರೋ ನಕ್ಕರು. ನಗು ಕೇಳಿಸಲಿಲ್ಲ, ಹಲ್ಲು ಕಾಣಿಸಿತು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ದೇವೇಂದ್ರ ತಲೆ ಕೆರೆದುಕೊಂಡ. ಇಡೀ ಸಾಲಿನಲ್ಲಿ ಅಪ್ಪನ ಮಗ್ಗವೊಂದೇ ನಿಂತಿತ್ತು. ಅಪ್ಪ ಅದರ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ವಾರ್ಪಿನ ಉದ್ದನೆಯ ಹಾಸುನೂಲುಗಳನ್ನು ಎಳೆಗೆ ಎಳೆ ಸೇರಿಸಿ ಗಂಟು ಹಾಕುತ್ತಿದ್ದ. ಬಗ್ಗಿದ ಬೆನ್ನಷ್ಟೇ ಕಾಣುತ್ತಿತ್ತು. ಶನಿವಾರ ಸಂಜೆ ಹೊರಟು ಅರಿಶಿನಕುಂಟೆಯ ಅಕ್ಕ ಅಂಜನಮ್ಮನ ಮನೆಯಲ್ಲಿ ಕಳೆದುಬಂದ ದಿನಗಳು ಅವನ ಬಾಯಲ್ಲಿ ಇನ್ನೂ ಕಹಿಯಾಗಿ ಉಳಿದಿದ್ದವು. ಇವನಿಗೊಂದು ಕೆಲಸಕ್ಕೆಂದು ಭಾವ ಯಾವುದೋ ಗೋಡೌನಿನ ಮ್ಯಾನೇಜರನ ಹತ್ತಿರ ಮಾತಾಡಿದ್ದ. ಆ ಮ್ಯಾನೇಜರು ಇವನನ್ನು ಲಾರಿ ಕ್ಲೀನರುಗಳ ಜೊತೆ ನೆರಳಿಲ್ಲದ ಕಡೆ ನಿಲ್ಲಿಸಿ, ಮಧ್ಯಾಹ್ನ ಊಟ ಮುಗಿಸಿ ಬಂದು, ಹಲ್ಲಿಗೆ ಕಡ್ಡಿ ಹಾಕುತ್ತಾ "ಟೈಪಿಂಗ್ ಬರ್ತದಾ?" ಎಂದು ಕೇಳಿದ್ದ. ಟೈಪಿಂಗ್! ವೆಬ್ ಅಪ್ಲಿಕೇಶನ್ ಕಟ್ಟುವವನನ್ನು, ಡೇಟಾಬೇಸಿಗೂ ಪೇಜಿಗೂ ಸಂಬಂಧ ಬೆಸೆಯುವವನನ್ನು, ಟೈಪಿಂಗ್ ಬರುತ್ತದಾ ಎಂದು ಕೇಳುವ ದೇಶ ಇದು. ಬರುವುದಿಲ್ಲ ಎಂದು ಹೇಳಿ ಬಂದುಬಿಟ್ಟಿದ್ದ. ಬಸ್ಸಿನಲ್ಲಿ ಕುಳಿತ ಮೇಲೆ ಆ ಉತ್ತರ ಬಹಳ ಚೆನ್ನಾಗಿತ್ತು ಅನ್ನಿಸಿತು. ಊರು ಹತ್ತಿರವಾದಂತೆ ಅಷ್ಟೇನೂ ಚೆನ್ನಾಗಿರಲಿಲ್ಲ ಅನ್ನಿಸತೊಡಗಿತು.

ಆಫೀಸು ಕೋಣೆಯಲ್ಲಿ ಮಾನಿಟರಿನ ಹಣೆಗೆ ಅರಿಶಿನ ಕುಂಕುಮ ಮೆತ್ತಿತ್ತು, ಮೇಲೊಂದು ಸೇವಂತಿಗೆ ದಂಡೆ ಇಳಿಬಿದ್ದು ಅರ್ಧ ಪರದೆಯನ್ನು ಮುಚ್ಚಿತ್ತು. ಇದೇನೂ ಹೊಸದಲ್ಲ. ಮೊದಲ ದಿನ ಡಬ್ಬದಿಂದ ತೆಗೆದ ಮಿಷನ್ನಿಗೆ ಸಾಹುಕಾರರ ಹೆಂಡತಿ ಅಮ್ಮಯಮ್ಮನವರು ಆರತಿ ಎತ್ತಿ ಕೀಬೋರ್ಡಿನ ಮೇಲೆ ಅಕ್ಷತೆ ಹಾಕಿದ್ದರು. ಕೀಗಳ ಸಂದಿನಲ್ಲಿ ಸಿಕ್ಕಿಕೊಂಡ ಅಕ್ಕಿಕಾಳುಗಳನ್ನು ಅವನು ಪಿನ್ನಿನಿಂದ ಹೆಕ್ಕಿ ತೆಗೆದಿದ್ದ. ಇಂಥವರಿಗೆ ವೆಬ್‌ಸೈಟು ಬೇಕಂತೆ. ಚಿಕ್ಕಪೇಟೆಯ ಯಾವನೋ ವ್ಯಾಪಾರಿ ಇಂಟರ್‌ನೆಟ್ಟಿನಲ್ಲಿ ಸೀರೆ ತೋರಿಸಿ ಸಿಂಗಪುರಕ್ಕೆ ಕಳಿಸಿದನೆಂದು ಕೇಳಿ ಆದಿನಾರಾಯಣಪ್ಪನವರಿಗೆ ನಿದ್ದೆ ಕೆಟ್ಟಿತ್ತು. ಅದೇ ಸಮಯಕ್ಕೆ ಸರಿಯಾಗಿ ಬಸ್‌ಸ್ಟ್ಯಾಂಡಿನ ಮೇಲಿನ ಕಂಪ್ಯೂಟರ್ ತರಬೇತಿ ಕೇಂದ್ರ ಬಾಗಿಲು ಹಾಕಿ, ಅಲ್ಲಿ ಪಾಠ ಹೇಳುತ್ತಿದ್ದ ದೇವೇಂದ್ರ ಮನೆಯಲ್ಲಿ ಕುಳಿತಿದ್ದ. ಆಗ ಅಪ್ಪ ಮಾಡಿದ ಕೆಲಸವನ್ನು ಅವನು ಇನ್ನೂ ಕ್ಷಮಿಸಿರಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು, ಮಡಿಸಿ, ಕಂಕುಳಲ್ಲಿ ಸಿಕ್ಕಿಸಿ, ಸಾಹುಕಾರರ ಮೇಜಿನ ಮುಂದೆ ಬಗ್ಗಿ ನಿಂತು, "ನಮ್ ಹುಡ್ಗನ್ಗೂ ಅದೆಲ್ಲ ಬರ್ತದಂತೆ ಸಾಮಿ, ಒಂದ್ಸಲ ನೋಡಿ" ಎಂದಿದ್ದ. ಮಗ ಬಾಗಿಲಲ್ಲಿ ನಿಂತಿದ್ದ. ಬರುತ್ತದಂತೆ! ಎಮ್ಮೆ ಹಾಲು ಕೊಡುತ್ತದಂತೆ ಎನ್ನುವ ಹಾಗೆ. ಆ ಬಗ್ಗಿದ ಕುತ್ತಿಗೆಯ ಮೇಲೆ ನೂಲಿನ ದೂಳು ಬೆಳ್ಳಗೆ ಕೂತಿದ್ದು ಕೂಡ ನೆನಪಿದೆ. ಒರೆಸಿಕೊಂಡಾದರೂ ಬರಬಾರದಿತ್ತೇ ಎಂದು ಆಗ ಅನ್ನಿಸಿದ್ದೂ ನೆನಪಿದೆ.

ಕಟ್ಟುವುದಕ್ಕೆ ಅವನು ಕಟ್ಟಿದ. ಅದರಲ್ಲಿ ಸುಳ್ಳಿಲ್ಲ. ಆದರೆ ಇಂಟರ್‌ನೆಟ್ಟಿಗೆ ಹೋಗಲು ಟೆಲಿಫೋನು ಬೇಕು, ಆಫೀಸಿನ ಒಂದೇ ಫೋನು ಬೆಳಗಿನಿಂದ ಸಂಜೆಯವರೆಗೆ ಸೂರತ್ತಿನ ನೂಲಿನವರಿಗೂ ಚಿಕ್ಕಪೇಟೆಯ ಗಿರಾಕಿಗಳಿಗೂ ಮೀಸಲು. "ಲೈನ್ ಎಂಗೇಜಿದ್ರೆ ವ್ಯಾಪಾರ ಹೋಯ್ತದೆ, ನಿನ್ ಮಿಷನ್ನಿಗೆ ಆಮೇಲ್ ಕೊಡಾನ" ಎಂದ ಸಾಹುಕಾರರ ಆಮೇಲೆ ಬರಲೇ ಇಲ್ಲ. ಹೀಗಾಗಿ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ಸರ್ವರ್ ಸಾಫ್ಟ್‌ವೇರನ್ನು ಅದೇ ಮಿಷನ್ನಿಗೆ ಹಾಕಿ, ಪೇಜುಗಳನ್ನು ಅದರೊಳಗೇ ಇಟ್ಟು, ಅದೇ ಮಿಷನ್ನಿನಲ್ಲಿ ತೆರೆದು ನೋಡುತ್ತಿದ್ದ. ಕೇಳುವುದೂ ಅದೇ ಡಬ್ಬ, ಕೊಡುವುದೂ ಅದೇ ಡಬ್ಬ. ಮೊದಲು ತನ್ನಲ್ಲೇ ಎಲ್ಲವನ್ನೂ ಸರಿಮಾಡಿಕೊಂಡು ಆಮೇಲೆ ಹೊರಗೆ ಕಳಿಸುವುದು. ತಿಳಿದವರು ಮಾಡುವುದೇ ಹಾಗೆ. ಹೊರಗೆ ಕಳಿಸುವುದು ಹೇಗೆ ಎಂಬುದು ಮಾತ್ರ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಪುಸ್ತಕದ ಆ ಅಧ್ಯಾಯವನ್ನು ಓದಲು ಶುರುಮಾಡಿದಾಗಲೆಲ್ಲ ನಿದ್ದೆ ಬರುತ್ತಿತ್ತು. ಒಂದು ದಿನ ಆದಿನಾರಾಯಣಪ್ಪ ಕನ್ನಡಕ ಏರಿಸಿಕೊಂಡು ಪರದೆಯ ಮೇಲ್ಭಾಗದಲ್ಲಿ ಬೆರಳಿಟ್ಟು, "ಇದೇನಯ್ಯಾ, ಲೋಕಲ್ ಅಂತ ಬರ್ದಿದೀಯ? ಲೋಕಲ್ ಮಾಲು ಅಂದ್ಕೋತಾರೆ. ಅಳ್ಸಾಕು" ಎಂದರು. ಲೋಕಲ್‌ಹೋಸ್ಟ್ ಎಂದರೆ ಈ ಡಬ್ಬವೇ ಎಂದು ಅವರಿಗೆ ಬಿಡಿಸಿ ಹೇಳುವಷ್ಟು ತಾಳ್ಮೆ ಯಾರಿಗಿದೆ? ದೇವೇಂದ್ರ ಒಳಗಿನ ಒಂದು ಫೈಲಿನಲ್ಲಿ ಒಂದೇ ಒಂದು ಸಾಲು ಸೇರಿಸಿದ. ಮರುಕ್ಷಣದಿಂದ ಅದೇ ಪೇಜು, ಅದೇ ಡಬ್ಬದೊಳಗಿನಿಂದಲೇ, ಅಂಗಡಿಯ ಹೆಸರಿಗೆ ಮುಂದೆ ಮೂರು ಡಬ್ಲ್ಯೂ ಹಿಂದೆ ಡಾಟ್ ಕಾಮ್ ಅಂಟಿಸಿದ ವಿಳಾಸದಲ್ಲಿ ತೆರೆದುಕೊಳ್ಳತೊಡಗಿತು. ಬೇರೆ ಯಾವ ಮಿಷನ್ನಿನಲ್ಲಿ ಆ ವಿಳಾಸ ಒತ್ತಿದರೂ ಏನೂ ಬರುತ್ತಿರಲಿಲ್ಲ. ಸಾಹುಕಾರರು ಕುರ್ಚಿಯಿಂದ ಎದ್ದು ನಿಂತು ತಮ್ಮ ಹೆಸರನ್ನು ತಾವೇ ಓದಿಕೊಂಡರು. "ಇದೀಗ ಲಂಡನ್ನಲ್ಲೂ ಹಿಂಗೇ ಕಾಣ್ತದಾ?" ಎಂದು ಕೇಳಿದರು. ಅವನು "ಹ್ಞೂ" ಎಂದ. ಅಷ್ಟೇ ಅಂದದ್ದು. ಆ ಒಂದು ಹ್ಞೂಕಾರದ ಮೇಲೆ ಇಷ್ಟು ದಿನ ಸಂಬಳ ಬಂದಿತ್ತು, ಮಗ್ಗಗಳು ನಿಂತಿದ್ದವು, ಅಪ್ಪ ಕೈಕಟ್ಟಿ ನಿಂತಿದ್ದ. ಮೂರ್ಖರಿಗೆ ಮೋಸ ಮಾಡಿದೆ ಅನ್ನಿಸಿರಲಿಲ್ಲ. ಮೂರ್ಖರಿಗೆ ತೊಂದರೆ ಕೊಡದೆ ಬಿಟ್ಟೆ ಅನ್ನಿಸಿತ್ತು.

"ಬಾರಪ್ಪಾ ಮೇಷ್ಟ್ರೇ!" ಆದಿನಾರಾಯಣಪ್ಪ ಹಿಂದಿನ ಬಾಗಿಲಿನಿಂದ ಬಂದರು. ಒಗೆದ ಪಂಚೆ, ಹಣೆಯಲ್ಲಿ ಹೊಸ ಕುಂಕುಮ. ಬಂದವರೇ ಇವನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು. "ಎಲ್ಲಿಗ್ ಹೋಗಿದ್ದೆ ನೀನು? ಇಲ್ಲಿ ಬೋಣಿ ಆಗೋಯ್ತು ಕಣಯ್ಯ!"

"ಏನ್ ಬೋಣಿ ಸಾರ್?"

"ಭಾನುವಾರ ಬೆಳಿಗ್ಗೆ ಪೂಜೆ ಮಾಡಿ, ನೀನ್ ಹೇಳ್ಕೊಟ್ಟಂಗೇ ಅನಿತ ಆರ್ಡರ್ ಪೇಜ್ ತೆಗೆದ್ಲು. ಬಂದಿತ್ತು. ಮೊದಲ್ನೇ ಆರ್ಡರ್ರು. ಲಂಡನ್ನಿಂದ. ಯಾರೋ ವಿಲ್ಸನಮ್ಮ ಅಂತ. ಎಷ್ಟು ಸೀರೆ ಹೇಳು? ತೊಂಬತ್ತೊಂಬತ್ತು! ನೂರು ಅಂತ ಬರೀಲಿಲ್ಲ ನೋಡು. ವ್ಯವಹಾರಸ್ಥೆ."

ದೇವೇಂದ್ರ ಪರದೆಯ ಕಡೆ ತಿರುಗಿದ. ಶನಿವಾರ ಸಂಜೆ. ಎಷ್ಟೋ ದಿನದಿಂದ ತಪ್ಪು ತೋರಿಸುತ್ತಿದ್ದ ಆರ್ಡರ್ ಫಾರಂ ಅಂದು ಇದ್ದಕ್ಕಿದ್ದಂತೆ ಸರಿಯಾಗಿತ್ತು. ಪರೀಕ್ಷೆಗೆಂದು ಹೆಸರಿನ ಜಾಗದಲ್ಲಿ ಮಿಸೆಸ್ ವಿಲ್ಸನ್, ಲಂಡನ್ ಎಂದು ಒತ್ತಿದ್ದ. ಊರಿನ ಹೆಸರೊಂದನ್ನು ಹಾಕಲು ಬೆರಳಿಗೇ ಅಸಹ್ಯವಾಗಿತ್ತು. ಎಷ್ಟು ಎಂಬಲ್ಲಿ ಆ ಚೌಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಹಾಕಿದ್ದ. ಬಣ್ಣಗಳ ಪಟ್ಟಿ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿತ್ತು, ಮೊದಲನೆಯದು ಕಪ್ಪು. ಅಂಚಿಗೆಂದು ಬರೆದ ಪಟ್ಟಿಯನ್ನೇ ಒಡಲಿಗೂ ಸೆರಗಿಗೂ ಅಂಟಿಸಿದ್ದವನು ಕೆಳಗಿಳಿದು ಆರಿಸುವ ಗೋಜಿಗೆ ಹೋಗದೆ ಹಾಗೇ ಒತ್ತಿದ್ದ. ಒಡಲು ಕಪ್ಪು, ಅಂಚು ಕಪ್ಪು, ಸೆರಗೂ ಕಪ್ಪು. ಒತ್ತಿದ ತಕ್ಷಣ "ನಿಮ್ಮ ಆರ್ಡರ್ ತಲುಪಿತು" ಎಂದು ಬಂತು. ಆಗ ಒಬ್ಬನೇ ಕುರ್ಚಿಯಲ್ಲಿ ಚಪ್ಪಾಳೆ ತಟ್ಟಿಕೊಂಡಿದ್ದ. ಈ ಸಂತೋಷವನ್ನು ಹೇಳಿಕೊಳ್ಳಲು ಈ ಊರಿನಲ್ಲಿ ಒಂದು ನರಪಿಳ್ಳೆಯಾದರೂ ಇದೆಯೇ ಎಂದು ಕಣ್ಣು ಒದ್ದೆಯಾಗಿತ್ತು. ಆ ಸಾಲನ್ನು ಅಳಿಸಿ ಹೋಗಬೇಕಿತ್ತು. ಅಳಿಸಲು ಮನಸ್ಸು ಬಂದಿರಲಿಲ್ಲ.

"ಸಾರ್, ಅದು..." ಎಂದ.

"ಕಪ್ಪು ಅಂತ ತಾನೆ? ಗೊತ್ತು. ನಮ್ ಶೆಡ್ನಲ್ಲಿ ಪೂರಾ ಕಪ್ಪು ಯಾವತ್ತೂ ನೇಯ್ದಿಲ್ಲ. ನಮ್ಮನೆಯೋಳು ಒಂದ್ ಮಾತು ಅಂದ್ಲು, ಅಪಶಕುನ ಅಂತ. ಅವರ ದೇಶದಲ್ಲಿ ದೊಡ್ಡೋರೆಲ್ಲ ಕಪ್ಪೇ ಹಾಕೋದು, ಸುಮ್ನಿರೇ ಅಂದೆ. ಬೋಣಿ ಗಿರಾಕಿ ಕೇಳಿದ್ದನ್ನ ಇಲ್ಲ ಅನ್ನಕ್ಕಾಯ್ತದಾ? ನಮ್ಮಪ್ಪನ ಕಾಲ್ದಿಂದ ಅಂದಿಲ್ಲ. ಆವತ್ತೇ ಬೆಂಗ್ಳೂರಿಂದ ಕಪ್ಪು ನೂಲು ತರ್ಸಿ, ರಾತ್ರಿ ಹಗಲು ವಾರ್ಪು ಮಾಡ್ಸಿದೀನಿ. ನಿಮ್ಮಪ್ಪನ ಮಗ್ಗದಲ್ಲಿ ಹಳೇ ವಾರ್ಪು ಇನ್ನೂ ಇತ್ತು. ಕುಯ್ದಾಕಿ ಇದನ್ನೇ ಏರ್ಸು ಅಂದೆ. ನಿನ್ ಟೆಸ್ಟಿಂಗ್ ಮುಗೀತಲ್ಲ, ಇನ್ ಮೇಲೆ ಮಗ್ಗ ನಿಲ್ಸಬೇಡಿ ಅಂತ್ಲೂ ಎಲ್ರಿಗೂ ಹೇಳಿದೀನಿ."

"ದುಡ್ಡು ಬಂದಿದೆಯಾ ಅಂತ ನೋಡಿದ್ರಾ?" ಎಂದು ಕೇಳಿದ. ಅದೊಂದೇ ಪ್ರಶ್ನೆ ಅವನ ಬಾಯಿಗೆ ಬಂತು, ಅದೂ ಪರೀಕ್ಷೆ ಮಾಡುವ ಅಧಿಕಾರಿಯ ಧ್ವನಿಯಲ್ಲಿ.

ಸಾಹುಕಾರರು ಅವನನ್ನು ಕನಿಕರದಿಂದ ನೋಡಿದರು. "ಬೋಣಿಗೆ ಮುಂಗಡ ಕೇಳ್ತಾರೇನಯ್ಯಾ? ಓದಿದೋನು ನೀನು."

ಎಂಥ ಜನ ಇವರು. ಮುಖ ನೋಡದ, ಧ್ವನಿ ಕೇಳದ, ಮುಂಗಡ ಕೊಡದ ಹೆಂಗಸಿಗೆ ತೊಂಬತ್ತೊಂಬತ್ತು ಸೀರೆ. ಫೋನಿನಲ್ಲಿ ಸೂರತ್ತಿನವನ ಹತ್ತಿರ ಚಿಲ್ಲರೆಗೆ ಅರ್ಧ ಗಂಟೆ ಕಿತ್ತಾಡುವ ಮನುಷ್ಯ ಇಲ್ಲಿ ಹೀಗೆ ಕಣ್ಣು ಮುಚ್ಚಿ ಬೀಳುತ್ತಾನೆ. ಯಾರು ನಂಬು ಎಂದರು? ತಾನು ಹ್ಞೂ ಅಂದದ್ದು ಲಂಡನ್ನಿನಲ್ಲಿ ಕಾಣುತ್ತದಾ ಎಂಬುದಕ್ಕೆ. ಲಂಡನ್ನಿನಿಂದ ಬರುತ್ತದೆ ಎಂದು ಎಲ್ಲಿ ಹೇಳಿದ್ದ? ಹೀಗೆ ವಾದ ಹೂಡಿಕೊಳ್ಳುತ್ತಾ ಹೋದಂತೆ ದೇವೇಂದ್ರನಿಗೆ ತನ್ನ ತಪ್ಪು ಕಡಿಮೆಯಾಗುತ್ತಾ ಬಂದು, ಅವರ ದಡ್ಡತನ ಬೆಳೆಯುತ್ತಾ ಹೋಯಿತು. ಬಾಯಿಬಿಟ್ಟು ಈಗಲೇ ಹೇಳಿಬಿಡಬಹುದಿತ್ತು. ಹೇಳಿದರೆ ಏನಾಗುತ್ತದೆಂದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಸಾಹುಕಾರರು ಕೂಗಾಡುತ್ತಾರೆ, ಅದು ದೊಡ್ಡದಲ್ಲ. ಅಪ್ಪ ಮಗ್ಗದ ಹಿಂದಿನಿಂದ ಎದ್ದು ಬರುತ್ತಾನೆ. ಹೆಗಲಿನ ಟವೆಲ್ಲನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಮಡಿಸುತ್ತಾನೆ. ಈ ಸಲ ಮಗ ಬಾಗಿಲಲ್ಲಿ ಅಲ್ಲ, ಪಕ್ಕದಲ್ಲೇ ನಿಂತಿರಬೇಕಾಗುತ್ತದೆ. ಹೇಳದಿದ್ದರೆ ಇದೇ ಅಪ್ಪ, ಹುಟ್ಟೇ ಇರದ ಹೆಂಗಸಿಗೆ, ಕಪ್ಪು ನೂಲನ್ನು ವಾರಗಟ್ಟಲೆ ನೇಯುತ್ತಾನೆ. ಎರಡರಲ್ಲಿ ಯಾವುದು ಕಡಿಮೆ ಎಂದು ತೂಗಲು ನೋಡಿದ. ತನಗೆ ಯಾವುದು ಕಡಿಮೆ ಎಂದಷ್ಟೇ ತೂಗುತ್ತಿದ್ದೇನೆ ಎಂಬುದೂ ಗೊತ್ತಾಯಿತು. ಗೊತ್ತಾದದ್ದರಿಂದ ಏನೂ ಬದಲಾಗಲಿಲ್ಲ.

"ಪೂಜೆ ಇದೆ, ಕಾಯಿ ನೀನೇ ಒಡೀಬೇಕು" ಎಂದು ಹೇಳಿ ಸಾಹುಕಾರರು ಹೊರಗೆ ಹೋದರು. ಮೇಜಿನ ಆ ಕಡೆ ಅನಿತ ನಿಂತಿದ್ದಳು. ಸಾಹುಕಾರರ ತಮ್ಮನ ಮಗಳು, ಬಿ.ಕಾಂ. ಮುಗಿಸಿ ಇಲ್ಲಿನ ಲೆಕ್ಕ ನೋಡಿಕೊಳ್ಳುತ್ತಿದ್ದವಳು. ತರಬೇತಿ ಕೇಂದ್ರದಲ್ಲಿ ಅವನದೇ ವಿದ್ಯಾರ್ಥಿನಿ. ಮೌಸನ್ನು ಎತ್ತಿ ಪರದೆಗೆ ಒತ್ತಿದ್ದವಳು ಎಂದು ದೇವೇಂದ್ರ ಗೆಳೆಯರ ಮುಂದೆ ಆಡಿಕೊಂಡು ನಗುತ್ತಿದ್ದ. ನಿಜವಾಗಿ ಒತ್ತಿದ್ದವಳು ಬೇರೆ ಯಾರೋ, ಆದರೆ ಹೇಳುವಾಗ ಅನಿತ ಅಂದರೆ ಹೆಚ್ಚು ನಗು ಬರುತ್ತಿತ್ತು. ಅವಳು ಏನೋ ಕೇಳಬೇಕೆಂದು ಬಹಳ ಹೊತ್ತಿನಿಂದ ದುಪಟ್ಟದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಸಾರ್, ಒಂದ್ ಡೌಟು. ಫೋನ್ ವೈರು ಗೋಡೇಲೇ ಇದೆ. ಮಿಷನ್ನಿಗೆ ನಾವು ಒಂದಿನಾನೂ ಹಾಕಿಲ್ಲ. ಮತ್ತೆ ಲಂಡನ್ನಿಂದ ಆರ್ಡರ್ ಯಾವ್ ದಾರೀಲಿ ಬಂತು ಸಾರ್?"

ಅವಳ ಮುಖದಲ್ಲಿ ಸಂಶಯವಿರಲಿಲ್ಲ, ಕೊಂಕೂ ಇರಲಿಲ್ಲ. ಕಲಿಯುವ ಆಸೆಯಷ್ಟೇ ಇತ್ತು. ಇವನು ಪಾಠ ಹೇಳಿದ ಅಷ್ಟೂ ವರ್ಷಗಳಲ್ಲಿ ಯಾರೂ ಕೇಳದ ಸರಿಯಾದ ಪ್ರಶ್ನೆ ಅದು. ಬೇರೆ ದಿನವಾಗಿದ್ದರೆ ಕುರ್ಚಿ ಎಳೆದು ಕೂರಿಸಿ ಹೇಳಿಕೊಡಬಹುದಿತ್ತೇನೋ. ಇಂದು ಅವನು ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿದ.

"ಪ್ರೋಟೋಕಾಲ್ ಅಂದ್ರೇನು ಗೊತ್ತೇನಮ್ಮ ನಿಂಗೆ?"

"ಇಲ್ಲ ಸಾರ್."

"ಸಾಕೆಟ್? ಪೋರ್ಟ್? ಡೊಮೈನ್ ರೆಸಲ್ಯೂಶನ್?"

"ಇಲ್ಲ ಸಾರ್."

"ಮತ್ತೆ? ಅದೆಲ್ಲ ತಿಳ್ಕೊಂಡ್ ಬಂದು ಡೌಟ್ ಕೇಳು. ವೈರು ಲೆಕ್ಕ ಹಾಕೋಕೆ ಇದೇನು ಲೈನ್‌ಮನ್ ಕೆಲಸ ಅಂದ್ಕೊಂಡ್ಯಾ?"

ಅವಳು ತಲೆ ಬಗ್ಗಿಸಿ "ಸಾರಿ ಸಾರ್" ಎಂದಳು. ಕಿವಿ ಕೆಂಪಾಗಿತ್ತು. ಬಾಯಿ ಮುಚ್ಚಿಸಿದ ನೆಮ್ಮದಿ ಅವನಿಗೆ ಕ್ಷಣಕಾಲ ಆಯಿತು, ಹಿಂದೆಯೇ ತನ್ನ ಮೇಲೆ ಹೇಸಿಗೆಯೂ ಆಯಿತು. ಗೋಡೌನಿನ ಮ್ಯಾನೇಜರನ ಬಾಯಲ್ಲಿದ್ದ ಕಡ್ಡಿ ಈಗ ತನ್ನ ಬಾಯಲ್ಲಿದ್ದ ಹಾಗೆ ಅನ್ನಿಸಿತು. ಅವಳ ಹಿಂದೆ ಗೋಡೆಯಲ್ಲಿ ಟೆಲಿಫೋನ್ ವೈರು ಸುತ್ತಿಕೊಂಡು ಸುಮ್ಮನೆ ನೇತಾಡುತ್ತಿತ್ತು.

ಪೂಜೆಗೆಂದು ಮಗ್ಗಗಳನ್ನೆಲ್ಲ ನಿಲ್ಲಿಸಿದರು. ಅಪ್ಪನ ಮಗ್ಗಕ್ಕೆ ಕಪ್ಪು ವಾರ್ಪು ಏರಿತ್ತು. ಅದನ್ನು ನೋಡಿದ ಕೂಡಲೇ ದೇವೇಂದ್ರನಿಗೆ ಬೇರೆ ಕಡೆ ನೋಡಬೇಕೆನಿಸಿತು. ಗಿಳಿಹಸಿರು, ಈರುಳ್ಳಿ ಬಣ್ಣ, ಮಾವಿನಕಾಯಿ ಅಂಚುಗಳ ನಡುವೆ ಅದೊಂದು ಮಗ್ಗ ಮಸಿ ಬಳಿದ ಕಿಟಕಿಯಂತೆ ನಿಂತಿತ್ತು. ಕುಯ್ದು ತೆಗೆದ ಹಳೆಯ ವಾರ್ಪು ಮೂಲೆಯಲ್ಲಿ ಬಿದ್ದಿತ್ತು. ಓಡುತ್ತಿರುವ ವಾರ್ಪನ್ನು ಮುಗಿಯುವ ಮುಂಚೆ ಕುಯ್ಯುವುದು ಅಪ್ಪನಿಗೆ ಎಂದೂ ಆಗದ ಮಾತು. ಒಂದು ಸಲ ಮನೆಯಲ್ಲಿ ಸಾವಾದಾಗಲೂ ಮೂರು ದಿನ ಬಿಟ್ಟು ಬಂದು ಅದೇ ಎಳೆಯಿಂದ ಮುಂದುವರಿಸಿದ್ದ. ಇಂದು ಕುಯ್ದಿದ್ದ, ಮಗನ ಮಿಷನ್ನಿಗೆ ಬಂದ ಆರ್ಡರೆಂದು. ಕಾಯಿ ಒಡೆಯಲು ಕೊಟ್ಟರು. ಮೊದಲ ಏಟಿಗೆ ಒಡೆಯಲಿಲ್ಲ, ಎರಡನೆಯದಕ್ಕೂ ಇಲ್ಲ. "ಕೀಬೋರ್ಡ್ ಅಲ್ಲ ಗುರು ಅದು, ಜೋರಾಗ್ ಹೊಡಿ" ಎಂದ ಪಕ್ಕದ ಮಗ್ಗದ ಜವರಪ್ಪ. ಅಪ್ಪನ ಓರಗೆಯವನು, ಅಪ್ಪನ ಜೊತೆಗೇ ನಿಂತು ವರ್ಷಗಳಿಂದ ನೇಯ್ದವನು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಇವನ ಕೈಯಿಂದ ಕಾಯಿ ತೆಗೆದುಕೊಂಡು, ಕಲ್ಲಿಗೆ ಒಂದೇಟು ಹಾಕಿ ಬಿರುಕು ಬಿಡಿಸಿ, ಪೂರ್ತಿ ಒಡೆಯದೆ ಮತ್ತೆ ಇವನ ಕೈಗೇ ಕೊಟ್ಟ. ಆ ಜಾಣತನವನ್ನೂ ದೇವೇಂದ್ರನಿಗೆ ಸೈರಿಸಲಾಗಲಿಲ್ಲ.

ಮಂಗಳಾರತಿ ಆದ ಮೇಲೆ ಅಪ್ಪ ಅವನನ್ನು ಮಗ್ಗದ ಮರೆಗೆ ಕರೆದ. ಹತ್ತಿರ ಬಂದಾಗ ಎಣ್ಣೆಯ, ಬೆವರಿನ, ಗಂಜಿಯ ವಾಸನೆ.

"ದೇವಾ, ಒಂದ್ ಮಾತ್ ಕೇಳ್ತೀನಿ, ಬೈಬ್ಯಾಡ."

"ಏನು?"

"ಆ ಯಮ್ಮ ಎತ್ತರ ಎಷ್ಟಿರ್ಬೋದು?"

"ಯಾವ ಯಮ್ಮ?"

"ಅದೇ, ವಿಲ್ಸನಮ್ಮ. ಆ ಕಡೆ ಹೆಂಗಸ್ರು ಎತ್ತರ ಅಂತಾರೆ. ನಮ್ಮಳತೆ ಸಾಲ್ತದೋ ಇಲ್ವೋ. ಅಗಲ ಜಾಸ್ತಿ ಮಾಡಕ್ಕೆ ಮಗ್ಗ ಬಿಡಲ್ಲ. ಉದ್ದಾನಾದ್ರೂ ಒಂದ್ ಗೇಣು ಜಾಸ್ತಿ ಬಿಡಾನ ಅಂತಿದೀನಿ. ಸಾವ್ಕಾರ್ರನ್ನ ಕೇಳ್ದೆ. ನಿನ್ ಮಗನ್ನೇ ಕೇಳು, ಅವನ್ಗೇ ಗೊತ್ತಿರೋದು ಅಂದ್ರು." ಕೊನೆಯ ಮಾತು ಹೇಳುವಾಗ ಅಪ್ಪನ ಮುಖ ತಾನಾಗಿಯೇ ಅರಳಿತು. ಸಾಹುಕಾರರು ಒಂದು ವಿಷಯವನ್ನು ಅವನ ಮಗನಿಗೆ ಬಿಟ್ಟಿದ್ದರು.

ಈಗ ಹೇಳು, ಎಂದು ದೇವೇಂದ್ರ ತನಗೇ ಹೇಳಿಕೊಂಡ. ಮಗ್ಗಗಳು ನಿಂತಿವೆ. ಒಂದು ಎಳೆಯೂ ನೇಯ್ದಿಲ್ಲ. ಹೇಳು. ಬದಲಿಗೆ ಅವನ ಕಣ್ಣು ಅಪ್ಪನ ಮೂಗಿನ ತುದಿಯಲ್ಲಿ ನಿಂತಿದ್ದ ಕಪ್ಪು ನೂಲಿನ ಚೂರನ್ನೇ ನೋಡುತ್ತಿತ್ತು. ಲಂಡನ್ನಿನ ಹೆಂಗಸಿಗೆ ಒಂದು ಗೇಣು ಹೆಚ್ಚು! ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗಬೇಕು. ನಗು ಬರಲಿಲ್ಲ, ಕೋಪ ಬಂತು. ಇಷ್ಟು ಪ್ರೀತಿಯಿಂದ ಮೋಸಹೋಗುವವರ ಮೇಲೆ ಬರುವ ಕೋಪ.

"ಮಾಮೂಲಿ ಹೆಂಗ್ಸು. ಮಾಮೂಲಿ ಅಳತೆ ಸಾಕು" ಎಂದ.

"ಸರಿ ಬಿಡು" ಎಂದ ಅಪ್ಪ. ಸ್ವಲ್ಪ ತಡೆದು, "ಆದ್ರೂ ಒಂದ್ ನಾಕ್ ಬೆರಳು ಬಿಟ್ಟಿರ್ತೀನಿ. ನಷ್ಟ ಇಲ್ಲ" ಎಂದು ಸ್ವಿಚ್ಚಿನ ಕಡೆ ನಡೆದ.

ಒಂದಾದ ಮೇಲೊಂದು ಮಗ್ಗ ಎದ್ದಿತು. ನೆಲ ಅದುರಿತು, ಹಲ್ಲು ಅದುರಿತು, ಮಗ್ಗಗಳ ಹೊಡೆತ ಒಂದರ ಮೇಲೊಂದು ಬಿದ್ದು ಎದೆಯೊಳಗೂ ಅದೇ ಬಡಿತವಾಯಿತು. ಹೊರಟುಹೋಗಬೇಕಿತ್ತು ದೇವೇಂದ್ರ. ಕಾಲು ಬರಲಿಲ್ಲ. ಅಪ್ಪನ ಮಗ್ಗದಲ್ಲಿ ಲಾಳಿ ಅತ್ತಿಂದಿತ್ತ ಹಾರತೊಡಗಿ, ಕಪ್ಪಿನ ಮೇಲೆ ಕಪ್ಪು ಕೂತು, ಎಲ್ಲಿ ಶುರುವಾಯಿತು ಎಂಬುದೂ ಕಾಣದಂತೆ ಬಟ್ಟೆ ಬೆಳೆಯತೊಡಗಿತು. ಅಪ್ಪನ ಕಣ್ಣು ಬಟ್ಟೆಯ ಮೇಲಿತ್ತು. ಈ ಸದ್ದಿನಲ್ಲಿ ಬಾಂಬು ಬಿದ್ದರೂ ಯಾರಿಗೂ ತಿಳಿಯದು ಎಂದು ಅವನಿಗೆ ಹೊಳೆದದ್ದು ಆಗಲೇ. ಹೊಳೆದೊಡನೆ ಎದೆಯ ಮೇಲಿನ ಕಲ್ಲು ಅರ್ಧ ಇಳಿದಂತಾಯಿತು. ಹೇಳಿಬಿಡುವುದು. ಅಪ್ಪನ ಎದುರಿಗೇ ನಿಂತು ಹೇಳಿಬಿಡುವುದು. ಹೇಳಿದ ಹಾಗೂ ಆಯಿತು, ಯಾರೂ ಕೇಳಿಸಿಕೊಳ್ಳದ ಹಾಗೂ ಆಯಿತು. ನಾಳೆ ಎಲ್ಲ ಬಯಲಾದಾಗ ನಾನು ಆವತ್ತೇ ಹೇಳಿದ್ದೆ, ನಿನಗೇ ಕೇಳಿಸಲಿಲ್ಲ ಎನ್ನಬಹುದು. ಎಷ್ಟು ಸೊಗಸಾದ ಉಪಾಯ! ತನ್ನ ತಲೆಗೆ ಮಾತ್ರ ಹೊಳೆಯುವಂಥದ್ದು.

ಮಗ್ಗದ ಎದುರಿಗೆ ನಿಂತು, ಮಾಮೂಲಿ ಧ್ವನಿಯಲ್ಲಿ, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದ. "ವಿಲ್ಸನಮ್ಮ ಅಂತ ಯಾರೂ ಇಲ್ಲ ಕಣಪ್ಪ. ನಾನೇ ಒತ್ತಿದ್ದು, ಟೆಸ್ಟ್ ಮಾಡಕ್ಕೆ. ಆ ಪೇಜು ಲಂಡನ್ನಿಗಿರ್ಲಿ, ನಮ್ಮೂರ್ ಬಸ್‌ಸ್ಟ್ಯಾಂಡಿಗೂ ಹೋಗಿಲ್ಲ. ಆ ಡಬ್ಬ ಬಿಟ್ಟು ಆಚೆಗೇ ಹೋಗಿಲ್ಲ. ಹೆಂಗ್ ಕಳಿಸ್ಬೇಕು ಅಂತ ನಂಗೆ ಬರಲ್ಲ. ನೀವೆಲ್ಲ ದಡ್ರು, ಯಾವತ್ತೂ ತಿಳಿಯಲ್ಲ ಅಂದ್ಕೊಂಡಿದ್ದೆ." ತನ್ನ ಧ್ವನಿ ತನ್ನ ಕಿವಿಗೇ ಮುಟ್ಟಲಿಲ್ಲ. ಹಿತವಾಯಿತು. ಇನ್ನೂ ಸ್ವಲ್ಪ ಹೇಳಬೇಕೆನಿಸಿತು. "ನೀನು ಸಾವ್ಕಾರ್ರ ಮುಂದೆ ಟವೆಲ್ ಮಡಿಸ್ಕೊಂಡು ನಿಂತಿದ್ದೆಯಲ್ಲ, ಆವತ್ತು ನಂಗೆ ನಿನ್ ಮಗ ಅನ್ನಿಸ್ಕೊಳೋಕೇ ನಾಚ್ಕೆ ಆಯ್ತು" ಎಂದ. ಹೇಳುವಾಗ ತುಟಿಯಲ್ಲಿ ಸಣ್ಣದೊಂದು ನಗುವೂ ಬಂದಿರಬೇಕು.

ಜವರಪ್ಪನ ಕೈ ತನ್ನ ಮಗ್ಗದ ಮೇಲೆ ಹಾಗೇ ನಿಂತಿತ್ತು. ಅವನು ದೇವೇಂದ್ರನ ಕಣ್ಣನ್ನು ನೋಡುತ್ತಿರಲಿಲ್ಲ, ಬಾಯಿಯನ್ನು ನೋಡುತ್ತಿದ್ದ. ಅವನಾಚೆಗಿನ ಮಗ್ಗದವನೂ ಬಾಯಿಯನ್ನೇ ನೋಡುತ್ತಿದ್ದ. ಆಗ ದೇವೇಂದ್ರನಿಗೆ ನೆನಪಾಯಿತು. ಈ ಶೆಡ್ಡಿನೊಳಗೆ ಯಾರೂ ಯಾರೊಂದಿಗೂ ಕಿವಿಯಿಂದ ಮಾತಾಡಿದ್ದೇ ಇಲ್ಲ. ಮದುವೆಯ ಸುದ್ದಿ, ಸಾವಿನ ಸುದ್ದಿ, ಸಾಹುಕಾರರ ಮೇಲಿನ ಬೈಗುಳ, ಪೋಲಿ ಮಾತು, ಎಲ್ಲವೂ ತುಟಿಯಿಂದ ತುಟಿಗೆ ಮಗ್ಗಗಳನ್ನು ದಾಟಿ ಹೋಗುತ್ತದೆ. ಅವನ ಓರಗೆಯ ಹುಡುಗರೆಲ್ಲ ನಡೆಯಲು ಕಲಿತ ಹಾಗೆ ಅದನ್ನು ಕಲಿತುಬಿಟ್ಟಿದ್ದರು. ದೇವೇಂದ್ರ ಕಲಿತಿರಲಿಲ್ಲ. ಅಮ್ಮ ಬುತ್ತಿ ಕೊಟ್ಟು ಕಳಿಸಿದಾಗ ಹೊಸಿಲ ಹೊರಗೇ ನಿಂತು ಎರಡೂ ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದ. ಈಗ ಆ ಸಾಲಿನ ಅಷ್ಟೂ ಮುಖಗಳು ಅವನ ಕಡೆ ತಿರುಗಿದ್ದವು. ಅಪ್ಪ ಯಾವಾಗ ಬಟ್ಟೆಯಿಂದ ಕಣ್ಣೆತ್ತಿದನೋ ಗೊತ್ತಿಲ್ಲ. ಈಗ ಮಗನ ಬಾಯಿಯನ್ನು, ಅದು ಮುಚ್ಚಿದ ಮೇಲೂ, ಬಿಡದೆ ನೋಡುತ್ತಿದ್ದ.

ಅಪ್ಪ ಮಗ್ಗ ನಿಲ್ಲಿಸಲಿಲ್ಲ. ಹೆಗಲಿನ ಟವೆಲ್ಲಿಗೂ ಕೈ ಹಾಕಲಿಲ್ಲ. ಅವನ ತುಟಿ ಅಲುಗಿತು. ಮೊದಲು ಸಣ್ಣದೊಂದು ಮಾತು, ಒಂದೋ ಎರಡೋ ಶಬ್ದವಿರಬೇಕು. ಆಮೇಲೆ ಉದ್ದಕ್ಕೆ, ತಡೆಯದೆ, ಮನೆಯಲ್ಲಿ ಎಂದೂ ಅಷ್ಟು ಮಾತಾಡಿದವನಲ್ಲ, ಅಷ್ಟು ಉದ್ದಕ್ಕೆ ಹೇಳಿದ. ಮುಖದಲ್ಲಿ ಸಿಟ್ಟು ಹುಡುಕಿದ ದೇವೇಂದ್ರ, ಕಾಣಲಿಲ್ಲ. ಅಳು ಹುಡುಕಿದ; ಕಾಣಲಿಲ್ಲ. ಆ ಸುಕ್ಕುಬಿದ್ದ ತುಟಿಗಳು ತೆರೆದುಕೊಳ್ಳುತ್ತಿದ್ದವು, ಮುಚ್ಚಿಕೊಳ್ಳುತ್ತಿದ್ದವು. ಬೈಗುಳವೋ, ಮನ್ನಿಸಿದ ಮಾತೋ, ಮನೆಗೆ ಬರಬೇಡ ಎಂದನೋ, ಊಟ ಮಾಡಿದೆಯಾ ಎಂದನೋ.

"ಏನಪ್ಪಾ? ಏನಂದೆ?" ಎಂದು ದೇವೇಂದ್ರ ಗಂಟಲು ಹರಿಯುವಂತೆ ಕೂಗಿದ. ಅಪ್ಪ ಇನ್ನೊಮ್ಮೆ ಹೇಳಲಿಲ್ಲ. ಬಗ್ಗಿ, ಹರಿದ ಎಳೆಯೊಂದನ್ನು ಹುಡುಕಿ ಗಂಟು ಹಾಕತೊಡಗಿದ. ದೇವೇಂದ್ರ ಜವರಪ್ಪನ ಕಡೆ ತಿರುಗಿ, "ನಮ್ಮಪ್ಪ ಏನಂದ?" ಎಂದು ಕೂಗಿದ. ಜವರಪ್ಪ ಮುಖ ತಿರುಗಿಸಿಕೊಂಡ. ಅವನಾಚೆಗಿನವನು ತೋಳಿನಿಂದ ಮುಖ ಒರೆಸಿಕೊಂಡ, ನಕ್ಕದ್ದೋ ಅತ್ತದ್ದೋ ತಿಳಿಯಲಿಲ್ಲ. ಸಾಲಿನ ಮುಖಗಳೆಲ್ಲ ಒಂದೊಂದಾಗಿ ಕೆಲಸಕ್ಕೆ ಮರಳಿದವು. ಅಪ್ಪ ಹೇಳಿದ್ದನ್ನು ಅಲ್ಲಿದ್ದ ಪ್ರತಿಯೊಬ್ಬರೂ ಕೇಳಿಸಿಕೊಂಡಿದ್ದರು. ಕೇಳಿಸದೇ ಹೋದದ್ದು ದೇವೇಂದ್ರ ಒಬ್ಬನಿಗೆ.